ಮರಳುಗಾಡಿನ ಯುದ್ಧ ಚಿತ್ರಗಳು: ಕೈಯಲ್ಲಿ ಒಂದೇ ಭಾನುವಾರ ಇದ್ದರೆ ಯಾವುದನ್ನು ನೋಡೋದು?

"ಲಯನ್ ಆಫ್ ದ ಡೆಸರ್ಟ್ ನೋಡಲಾ, ಲಾರೆನ್ಸ್ ಆಫ್ ಅರೇಬಿಯಾ ನೋಡಲಾ?" ಹಳೆಯ ಯುದ್ಧ ಚಿತ್ರಗಳ ಹುಚ್ಚು ನನಗಿದೆ ಅಂತ ಗೊತ್ತಿರುವವರು ಆಗಾಗ ಕೇಳುವ ಪ್ರಶ್ನೆ ಇದು. ಗೊಂದಲ ಆಗುವುದು ಸಹಜ. ಎರಡರ ಪೋಸ್ಟರಿನಲ್ಲೂ ಮರಳು, ತಲೆಗೆ ಬಟ್ಟೆ ಸುತ್ತಿದ ಸವಾರರು. ಎರಡರಲ್ಲೂ ಆಂಟನಿ ಕ್ವಿನ್ ಇದ್ದಾರೆ. ಎರಡಕ್ಕೂ ಸಂಗೀತ ಮಾರಿಸ್ ಜಾರ್ ಅವರದೇ. ಹೊರಗಿಂದ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಒಳಗೆ ಹೋಗಿ ಕೂತರೆ ಒಂದು ಮನೆಯ ಬಾಗಿಲು ಪೂರ್ವಕ್ಕೆ, ಇನ್ನೊಂದರದ್ದು ಪಶ್ಚಿಮಕ್ಕೆ.

ಈ ಎರಡರ ಜೊತೆ ಇನ್ನೂ ಮೂರು ಹೆಸರು ಬರುತ್ತವೆ. ಸುಡಾನಿನ ಕಥೆಯ 'ಖಾರ್ಟೂಮ್'. ಅಲ್ಜೀರಿಯಾದ 'ದ ಬ್ಯಾಟಲ್ ಆಫ್ ಅಲ್ಜಿಯರ್ಸ್'. ಅದೇ ಅಲ್ಜೀರಿಯಾದ 'ಕ್ರಾನಿಕಲ್ ಆಫ್ ದ ಇಯರ್ಸ್ ಆಫ್ ಫೈರ್'. ಐದನ್ನೂ ನೋಡಲು ಎಲ್ಲರಿಗೂ ಪುರುಸೊತ್ತು ಇರಲ್ಲ. ಅದಕ್ಕೇ ಈ ಬರಹ.

ಯಾವುದರ ಮೇಲೆ ಅಳೆಯುವುದು

ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಕ್ಯಾಮೆರಾ ಯಾರ ಹೆಗಲ ಮೇಲೆ ಕೂತಿದೆ? ಊರಿಗೆ ಸೈನ್ಯ ನುಗ್ಗುವಾಗ ನಾವು ಸೈನಿಕನ ಹಿಂದೆ ಕುದುರೆ ಮೇಲಿದ್ದೇವಾ, ಇಲ್ಲ ಬಾಗಿಲ ಹಿಂದೆ ಮಗುವಿನ ಬಾಯಿ ಮುಚ್ಚಿಕೊಂಡು ನಿಂತಿದ್ದೇವಾ? ಸಾಮ್ರಾಜ್ಯಗಳ ಬಗ್ಗೆ ಬಂದ ಚಿತ್ರಗಳಲ್ಲಿ ಈ ಒಂದು ಪ್ರಶ್ನೆ ಅರ್ಧ ಕೆಲಸ ಮುಗಿಸುತ್ತದೆ. ಎಷ್ಟೋ ಚಿತ್ರಗಳಲ್ಲಿ ನೆಲದ ಜನ ಬರೀ ದೂಳು ಎಬ್ಬಿಸಿಕೊಂಡು ಬಂದು ಬೀಳುವವರು. ಅವರಿಗೆ ಹೆಸರಿಲ್ಲ, ಮನೆಯಿಲ್ಲ, ಮಾತಿಲ್ಲ.

ಎರಡನೆಯದು ಇತಿಹಾಸ. ಸಿನಿಮಾ ಅಂದಮೇಲೆ ಒಗ್ಗರಣೆ ಇದ್ದದ್ದೇ. ಆದರೆ ಅನ್ನವೇ ಇಲ್ಲದೆ ಬರೀ ಒಗ್ಗರಣೆ ಬಡಿಸಿದರೆ ಹೊಟ್ಟೆ ತುಂಬಲ್ಲ.

ಮೂರನೆಯದು ಹೊತ್ತು ಮತ್ತು ಪರದೆ. ಇವುಗಳಲ್ಲಿ ಮೂರು ಚಿತ್ರಗಳು ಮೂರು ಗಂಟೆಯ ಆಚೀಚೆಯವು. ಕೆಲವನ್ನು ಫೋನಿನಲ್ಲಿ ನೋಡುವುದಕ್ಕಿಂತ ನೋಡದೆ ಇರುವುದೇ ವಾಸಿ.

ನಾಲ್ಕನೆಯದು ಭಾಷೆ. ಮೂರು ಇಂಗ್ಲಿಷಿನವು, ಎರಡು ಅರಬ್ಬಿ ಮತ್ತು ಫ್ರೆಂಚ್ ಮಾತಿನವು. ಕೆಳಗೆ ಓಡುವ ಅಕ್ಷರ ಓದಿಕೊಂಡು ಚಿತ್ರ ನೋಡುವ ಅಭ್ಯಾಸ ನಿಮಗಿರಬಹುದು. ಪಕ್ಕದಲ್ಲಿ ಕೂತ ಅಮ್ಮನಿಗೆ ಇರಲ್ಲ. ಹಾಗಾಗಿ ಯಾರ ಜೊತೆ ಕೂತು ನೋಡುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಲಯನ್ ಆಫ್ ದ ಡೆಸರ್ಟ್: ನೆಲದವನ ಕಥೆ

ಇದು ಲಿಬಿಯಾದ ಉಮರ್ ಮುಖ್ತಾರ್ ಕಥೆ. 1911ರಲ್ಲಿ ಇಟಲಿ ಲಿಬಿಯಾದ ಮೇಲೆ ಬಿತ್ತು. ಅದೇ ವರ್ಷ ನವೆಂಬರ್ 1ರಂದು ಇಟಲಿಯ ಪೈಲಟ್ ಒಬ್ಬ ವಿಮಾನದಿಂದ ಕೈಯಾರೆ ಬಾಂಬು ಎಸೆದ. ಯುದ್ಧದಲ್ಲಿ ವಿಮಾನದಿಂದ ಬಾಂಬು ಹಾಕುವ ಚಾಳಿ ಶುರುವಾದದ್ದೇ ಅಲ್ಲಿಂದ. ಮುಖ್ತಾರ್ ಕುರಾನ್ ಪಾಠ ಹೇಳುತ್ತಿದ್ದ ಮೇಷ್ಟ್ರು, ಸನೂಸಿ ಅನ್ನುವ ಸೂಫಿ ಮುಸ್ಲಿಂ ಪಂಥದವರು. ದೇಶದ ಪೂರ್ವಕ್ಕಿರುವ ಜಬಲ್ ಅಖ್ದರ್ ಅನ್ನುವ ಹಸಿರು ಬೆಟ್ಟಸಾಲನ್ನು ಬೆನ್ನಿಗಿಟ್ಟುಕೊಂಡು ಅವರು ವರ್ಷಗಟ್ಟಲೆ ಗೆರಿಲ್ಲಾ ಕಾಳಗ ನಡೆಸಿದರು. ಸೆರೆ ಸಿಕ್ಕಾಗ ವಯಸ್ಸು 70 ದಾಟಿತ್ತು.

ಚಿತ್ರ ಶುರುವಾಗುವುದು 1929ರಲ್ಲಿ, ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಕೋಣೆಯಲ್ಲಿ. ಹಿಂದಿನ ಗವರ್ನರುಗಳೆಲ್ಲ ಈ ಒಬ್ಬ ಮುದುಕನ ಮುಂದೆ ಸೋತಿದ್ದಾರೆ. ಈಗ ಜನರಲ್ ಗ್ರಾಜಿಯಾನಿಯ ಸರದಿ. ಆ ಪಾತ್ರದಲ್ಲಿ ಆಲಿವರ್ ರೀಡ್, ಮುಸೊಲಿನಿಯಾಗಿ ರಾಡ್ ಸ್ಟೈಗರ್. ಆ ದೊಡ್ಡ ಕೋಣೆಯ ಅಬ್ಬರ ಮುಗಿದ ಮೇಲೆ ನಮಗೆ ಮುಖ್ತಾರ್ ಸಿಗುವುದು ಮಕ್ಕಳ ನಡುವೆ. ಕೈಯಲ್ಲಿ ಬಂದೂಕಿಲ್ಲ, ಮೂಗಿನ ಮೇಲೆ ಕನ್ನಡಕ. ತಕ್ಕಡಿಯ ಬಗ್ಗೆ, ತೂಕ ತಪ್ಪಬಾರದು ಅನ್ನುವುದರ ಬಗ್ಗೆ ಪಾಠ ನಡೆದಿದೆ. ಕ್ಯಾಮೆರಾ ಯಾರ ಹೆಗಲ ಮೇಲಿದೆ ಅಂತ ಅಲ್ಲೇ ತಿಳಿದುಹೋಗುತ್ತದೆ.

ಗ್ರಾಜಿಯಾನಿ ಗೆದ್ದದ್ದು ಬರೀ ಟ್ಯಾಂಕಿನಿಂದ ಅಲ್ಲ. ಅವನು ಕೈ ಹಾಕಿದ್ದು ಬುಡಕ್ಕೆ. ಬೆಟ್ಟದ ಜನರನ್ನೆಲ್ಲ, ಸುಮಾರು ಒಂದು ಲಕ್ಷ ಮಂದಿಯನ್ನು, ದನಕರು ಸಮೇತ ಎಬ್ಬಿಸಿ ಬೇಲಿ ಹಾಕಿದ ಶಿಬಿರಗಳಿಗೆ ತಳ್ಳಿದ. ಹಸಿವು, ಕಾಯಿಲೆಗೆ ಹತ್ತಾರು ಸಾವಿರ ಜನ ಸತ್ತರು. ಈಜಿಪ್ಟ್ ಕಡೆಯಿಂದ ಕಾಳು, ಮದ್ದುಗುಂಡು ಬರದ ಹಾಗೆ ಸಮುದ್ರದಿಂದ ಜಗ್ಬೂಬ್ ಓಯಸಿಸ್‌ವರೆಗೆ ಸುಮಾರು 270 ಕಿಲೋಮೀಟರ್ ಮುಳ್ಳುತಂತಿ ಎಳೆಸಿದ. ಚಿತ್ರದಲ್ಲಿ ಈ ಶಿಬಿರಗಳ ಭಾಗ ಬಂದಾಗ ನಡುವೆ ಆ ಕಾಲದ ನಿಜವಾದ ಕಪ್ಪುಬಿಳುಪು ತುಣುಕುಗಳನ್ನು ಸೇರಿಸಿದ್ದಾರೆ. ಬಣ್ಣ ಹೋಗಿ ಕಪ್ಪುಬಿಳುಪು ಬಂದ ಕೂಡಲೇ ಮನೆಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಕೈಗಳೂ ನಿಂತವು.

1931ರ ಸೆಪ್ಟೆಂಬರ್ 11ರಂದು ಮುಖ್ತಾರ್ ಸೆರೆ ಸಿಕ್ಕರು. 15ರಂದು ಬೆಂಗಾಜಿಯಲ್ಲಿ ವಿಚಾರಣೆ ಅನ್ನುವ ಶಾಸ್ತ್ರ ಮುಗಿಯಿತು. 16ರಂದು ಸುಲೂಕ್ ಶಿಬಿರದಲ್ಲಿ, ಸೆರೆಯಲ್ಲಿದ್ದ ತಮ್ಮದೇ ಜನರ ಮುಂದೆ ಗಲ್ಲಿಗೇರಿಸಿದರು. ಚಿತ್ರದಲ್ಲಿ ನೇಣು ಬಿದ್ದ ಮೇಲೆ ಕನ್ನಡಕ ನೆಲಕ್ಕೆ ಬೀಳುತ್ತದೆ. ಒಬ್ಬ ಹುಡುಗ ಬಂದು ಅದನ್ನು ಎತ್ತಿಕೊಳ್ಳುತ್ತಾನೆ. ಅಷ್ಟೇ.

ಬೈಲಹೊಂಗಲ ಕಡೆಯ ನಮ್ಮ ಸೋದರಮಾವ ಆ ದಿನ ನಮ್ಮ ಮನೆಯಲ್ಲಿದ್ದರು. ಇಂಗ್ಲಿಷ್ ಮಾತು ಅವರಿಗೆ ಅಷ್ಟಕ್ಕಷ್ಟೇ. ಆ ದೃಶ್ಯ ಮುಗಿದ ಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು, "ಏ ತಮ್ಮಾ, ಇದು ನಮ್ಮ ನಂದಗಡದ ಕತೀನ ಅಲ್ಲೇನೋ?" ಅಂದರು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿಯಲ್ಲಿ. ಮುಖ್ತಾರ್‌ರನ್ನು 1931ರ ಸೆಪ್ಟೆಂಬರಿನಲ್ಲಿ. ನಡುವೆ ನೂರು ವರ್ಷ ಮತ್ತು ಒಂದು ಸಮುದ್ರ. ರಾಯಣ್ಣ ಮೂವತ್ತರ ಹರೆಯದವನು, ಇವರು ಎಪ್ಪತ್ತು ದಾಟಿದ ಅಜ್ಜ. ಆದರೂ ಬೆಟ್ಟ, ಕಾಡು ನಂಬಿ ಸಣ್ಣ ಪಡೆ ಕಟ್ಟಿಕೊಂಡು ದೊಡ್ಡ ಸೈನ್ಯದ ನಿದ್ದೆ ಕೆಡಿಸಿದ ರೀತಿ ಒಂದೇ. ಕನ್ನಡದವರಿಗೆ ಈ ಚಿತ್ರದ ಒಳಗೆ ಹೋಗಲು ಬೇರೆ ಕೀಲಿಕೈ ಬೇಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಚಿತ್ರಕ್ಕೆ ದುಡ್ಡು ಹಾಕಿದ್ದು ಗದ್ದಾಫಿಯ ಲಿಬಿಯಾ ಸರ್ಕಾರ, ಸುಮಾರು 3.5 ಕೋಟಿ ಡಾಲರ್. ಆ ಕಾಲಕ್ಕೆ ಅದು ಭಾರಿ ಮೊತ್ತ. ಮುಖ್ತಾರ್ ಹೋರಾಡಿದ್ದು ಸನೂಸಿ ಪಂಥದ ಬಾವುಟದಡಿ. ಆ ಪಂಥದ ಮುಖಂಡ ಇದ್ರೀಸ್ ಮುಂದೆ ಲಿಬಿಯಾದ ದೊರೆಯಾದರು. ಅದೇ ಇದ್ರೀಸರನ್ನು 1969ರಲ್ಲಿ ಇಳಿಸಿದವರು ಗದ್ದಾಫಿ. ಚಿತ್ರದಲ್ಲಿ ಸನೂಸಿ ಮುಖಂಡರಿಗೆ ಯಾಕೆ ಇಷ್ಟು ಕಡಿಮೆ ಜಾಗ ಅಂತ ಈಗ ಊಹಿಸಬಹುದು, ಅಲ್ವಾ? ಇನ್ನೊಂದು, ಮುಖ್ತಾರ್ ಪಾತ್ರದಲ್ಲಿ ತಪ್ಪೇ ಇಲ್ಲ. ಅನುಮಾನ, ಸಿಟ್ಟು, ಸಣ್ಣತನ ಯಾವುದೂ ಅವರನ್ನು ಮುಟ್ಟಲ್ಲ. ಕ್ಯಾಲೆಂಡರಿನಲ್ಲಿರುವ ದೇವರ ಹಾಗೆ. ಆಂಟನಿ ಕ್ವಿನ್ ಅವರ ದಣಿದ ಕಣ್ಣು ಇಲ್ಲದಿದ್ದರೆ ಆ ಪಾತ್ರ ಕಲ್ಲಾಗಿಬಿಡುತ್ತಿತ್ತು. ಯುದ್ಧದ ದೃಶ್ಯಗಳೂ ಎರಡು ಮೂರು ಕಡೆ ಜಾಸ್ತಿ ಎಳೆದಿವೆ.

ನಿರ್ದೇಶಕ ಮುಸ್ತಫಾ ಅಕ್ಕಾದ್ ಸಿರಿಯಾದ ಅಲೆಪ್ಪೊದವರು. ಅಮೆರಿಕದಲ್ಲಿ 'ಹ್ಯಾಲೋವೀನ್' ಅನ್ನುವ ಭಯಾನಕ ಚಿತ್ರಗಳ ನಿರ್ಮಾಪಕರಾಗಿ ದುಡ್ಡು ಮಾಡಿದವರು ಇವರೇ. ಅವರ ಬಾಳು ಮುಗಿದದ್ದು 2005ರ ನವೆಂಬರಿನಲ್ಲಿ, ಅಮ್ಮಾನ್ ನಗರದ ಹೋಟೆಲುಗಳ ಮೇಲೆ ನಡೆದ ಬಾಂಬ್ ದಾಳಿಯಲ್ಲಿ. ಮಗಳೂ ಅದೇ ದಾಳಿಗೆ ಬಲಿಯಾದಳು.

1981ರಲ್ಲಿ ಬಿಡುಗಡೆಯಾದಾಗ ಚಿತ್ರ ಅಮೆರಿಕದಲ್ಲಿ ನೆಲಕಚ್ಚಿತು. ಇಟಲಿಯಲ್ಲಂತೂ ಸೈನ್ಯದ ಮಾನಕ್ಕೆ ಕುಂದು ಅಂತ 1982ರಲ್ಲಿ ತಡೆ ಹಾಕಿದರು. ಆ ದೇಶದ ಟಿವಿಯಲ್ಲಿ ಬಂದದ್ದು 2009ರ ಜೂನಿನಲ್ಲಿ, ಗದ್ದಾಫಿ ರೋಮ್‌ಗೆ ಬಂದ ಹೊತ್ತಿಗೆ. ಅವತ್ತು ವಿಮಾನದಿಂದ ಇಳಿದ ಗದ್ದಾಫಿಯ ಎದೆಯ ಮೇಲೆ ಒಂದು ಫೋಟೊ ಸಿಕ್ಕಿಸಿತ್ತು. ಬೇಡಿ ಹಾಕಿದ ಉಮರ್ ಮುಖ್ತಾರ್, ಸುತ್ತ ಇಟಲಿಯ ಅಧಿಕಾರಿಗಳು.

ಲಾರೆನ್ಸ್ ಆಫ್ ಅರೇಬಿಯಾ: ಬಂದವನ ಕಥೆ

ಸಿನಿಮಾ ಅನ್ನುವ ಕಸುಬಿನ ಲೆಕ್ಕದಲ್ಲಿ ಇದೇ ಮೇಲು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 1962ರ ಚಿತ್ರ, ಡೇವಿಡ್ ಲೀನ್ ನಿರ್ದೇಶನ, 7 ಆಸ್ಕರ್. ಲಾರೆನ್ಸ್ ಒಂದು ಕಡ್ಡಿ ಗೀರಿ ಉರಿ ನೋಡುತ್ತಾನೆ, ಊದುತ್ತಾನೆ. ಮರುಕ್ಷಣ ಪರದೆಯ ತುಂಬ ಮರಳುಗಾಡಿನ ಬೆಳಗು. ಜೋರ್ಡಾನಿನ ವಾದಿ ರಮ್ ಬಂಡೆಗಳನ್ನು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಬಾವಿಯ ಹತ್ತಿರದ ದೃಶ್ಯ ಒಂದಿದೆ. ದೂರದಲ್ಲಿ ಬಿಸಿಲ್ಗುದುರೆ ನಡುಗುತ್ತಿರುತ್ತದೆ. ಅದರೊಳಗೆ ಒಂದು ಚುಕ್ಕಿ. ಮಾತಿಲ್ಲ, ಸಂಗೀತವಿಲ್ಲ. ಚುಕ್ಕಿ ಉದ್ದವಾಗುತ್ತದೆ, ಕಪ್ಪು ಗೀಟಾಗುತ್ತದೆ, ಆಮೇಲೆ ಒಂಟೆ ಮೇಲೆ ಕೂತ ಒಮರ್ ಷರೀಫ್ ಆಗುತ್ತದೆ. ನಾನು ಮೊದಲ ಸಲ ಇದನ್ನು ಬಸ್ಸಿನಲ್ಲಿ ಫೋನಿನ ಮೇಲೆ ನೋಡಿದೆ. ಚುಕ್ಕಿ ಕಂಡಿದ್ದೇ ತಡ, ದೂಳು ಕೂತಿದೆ ಅಂದುಕೊಂಡು ಹೆಬ್ಬೆರಳಿನಲ್ಲಿ ಒರೆಸಿದೆ. ಚಿತ್ರ ಹತ್ತು ಸೆಕೆಂಡ್ ಮುಂದೆ ಓಡಿಹೋಯಿತು. ಪರದೆಯ ಬಗ್ಗೆ ಇಷ್ಟು ಹಟ ಹಿಡಿಯುವುದಕ್ಕೆ ಇದೇ ಕಾರಣ.

ಆದರೆ ಹೆಗಲು ಯಾರದ್ದು? ಇಂಗ್ಲಿಷ್ ಅಧಿಕಾರಿಯದ್ದು. 1916ರಿಂದ 1918ರವರೆಗೆ ಅರಬ್ಬರು ತುರ್ಕಿಯ ಒಟ್ಟೋಮನ್ ಆಳ್ವಿಕೆಯ ವಿರುದ್ಧ ಎದ್ದರು. ಆ ದಂಗೆ ಚಿತ್ರದಲ್ಲಿ ಲಾರೆನ್ಸ್ ಎಂಬೊಬ್ಬನ ಒಳಗಿನ ಕದನಕ್ಕೆ ಹಿನ್ನೆಲೆಯಾಗುತ್ತದೆ. ಅರಬ್ಬರು ಧೀರರು, ಆದರೆ ಜಗಳಗಂಟರು. ದಾರಿ ತೋರಿಸಲು ನೀಲಿ ಕಣ್ಣಿನವನು ಬರಬೇಕು. ರಾಜಕುಮಾರ ಫೈಸಲ್ ಪಾತ್ರ ಮಾಡಿದ್ದೂ ಇಂಗ್ಲಿಷ್ ನಟ ಅಲೆಕ್ ಗಿನ್ನೆಸ್. ಮಾತಾಡುವ ಹೆಣ್ಣು ಪಾತ್ರ ಇಡೀ ಚಿತ್ರದಲ್ಲಿ ಒಂದೂ ಇಲ್ಲ.

ಆದರೂ ಇದನ್ನು ಬರೀ ಸಾಮ್ರಾಜ್ಯದ ತುತ್ತೂರಿ ಅಂತ ತಳ್ಳಿಹಾಕಿದರೆ ಅನ್ಯಾಯ. ಸ್ವಾತಂತ್ರ್ಯದ ಆಸೆ ತೋರಿಸಿ ಅರಬ್ಬರನ್ನು ಯುದ್ಧಕ್ಕೆ ಇಳಿಸಿದ ಬ್ರಿಟಿಷರು 1916ರಲ್ಲೇ ಫ್ರೆಂಚರ ಜೊತೆ ಕೂತು ಆ ನೆಲವನ್ನು ಗೀಟು ಹಾಕಿ ಹಂಚಿಕೊಂಡಿದ್ದರು. ಸೈಕ್ಸ್-ಪೀಕೊ ಒಪ್ಪಂದ ಅದು. ಚಿತ್ರ ಈ ಮೋಸವನ್ನು ಬಾಯಿಬಿಟ್ಟು ಹೇಳುತ್ತದೆ. ಡಮಾಸ್ಕಸ್ ತಲುಪಿದ ಮೇಲಿನ ಕೊನೆಯ ಭಾಗವನ್ನು ಜನ ಬೇಜಾರು ಅಂತ ಓಡಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಚಿತ್ರದ ತಿರುಳೇ ಅಲ್ಲಿದೆ. ಕುದುರೆ ಸವಾರಿ ಮುಗಿದ ಮೇಲೆ ಕಾಗದಪತ್ರದವರು ಬಂದು ಕೂರುತ್ತಾರೆ. ಫೈಸಲ್ ಡಮಾಸ್ಕಸ್‌ನಲ್ಲಿ ದೊರೆಯಾಗಿ ಉಳಿದದ್ದು 1920ರ ಜುಲೈವರೆಗೆ ಮಾತ್ರ, ಫ್ರೆಂಚ್ ಸೈನ್ಯ ಬಂದು ಓಡಿಸಿತು.

ಇಲ್ಲಿ ನಮ್ಮವರ ಒಂದು ಎಳೆ ಇದೆ, ಚಿತ್ರದಲ್ಲಿ ಅಲ್ಲ, ಇತಿಹಾಸದಲ್ಲಿ. ಡಮಾಸ್ಕಸ್ ಬೀಳುವ ವಾರದ ಮುಂಚೆ, 1918ರ ಸೆಪ್ಟೆಂಬರ್ 23ರಂದು, ಅದೇ ತುರ್ಕಿ ಸೈನ್ಯದ ಕೈಯಿಂದ ಹೈಫಾ ಪಟ್ಟಣವನ್ನು ಬಿಡಿಸಿದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್. ಮೆಷಿನ್ ಗನ್ ಎದುರು ಕುದುರೆ, ಈಟಿ ಹಿಡಿದು ಹೋದವರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಎಷ್ಟೋ ಜನ ಅದರ ಪಕ್ಕವೇ ಬಸ್ಸಿಗೆ ಕಾಯುತ್ತಾರೆ, ಗೊತ್ತಿರಲ್ಲ. ಈ ಚಿತ್ರ ನೋಡುವಾಗ ನನಗೆ ಅವರ ನೆನಪಾಗುತ್ತದೆ. ನಮ್ಮ ಹುಡುಗರೂ ಅಲ್ಲಿದ್ದರು, ಆದರೆ ಬ್ರಿಟಿಷರ ಯುದ್ಧಕ್ಕೆ. ಹಾಗಾಗಿ ನಮ್ಮ ಹೆಗಲು ಯಾವುದು ಅಂತ ಕೇಳಿದರೆ ಸಲೀಸಾದ ಉತ್ತರ ನನ್ನ ಹತ್ತಿರ ಇಲ್ಲ. ಗ್ರಾಜಿಯಾನಿಯ ವಿಷಯದಲ್ಲೂ ಹೀಗೇ ಒಂದು ಗಂಟು ಇದೆ. 1940ರ ಡಿಸೆಂಬರಿನಲ್ಲಿ ಈಜಿಪ್ಟಿನ ಸಿದಿ ಬರ್ರಾನಿಯಲ್ಲಿ ಅವನ ಸೈನ್ಯದ ಬೆನ್ನು ಮುರಿದವರಲ್ಲಿ ಭಾರತದ 4ನೇ ಡಿವಿಜನ್ ಇತ್ತು.

ಚಿತ್ರದ ಒಳಗೆ ಸಿಗುವ ನಮ್ಮ ಕಡೆಯವರು ಅಂದರೆ ಹಿಂದಿ ನಟ ಐ.ಎಸ್. ಜೋಹರ್. ಮರಳಿನಲ್ಲಿ ಒಂಟೆಯಿಂದ ಬಿದ್ದು ಹಿಂದೆ ಉಳಿಯುವ ಗಾಸಿಮ್ ಪಾತ್ರ ಅವರದು. ಲಾರೆನ್ಸ್ ವಾಪಸ್ ಹೋಗಿ ಅವನನ್ನು ಕರೆತರುತ್ತಾನೆ. ಮುಂದೆ ಏನಾಗುತ್ತದೆ ಅಂತ ನಾನು ಹೇಳಲ್ಲ.

ಅವಧಿ ಸುಮಾರು 3 ಗಂಟೆ 45 ನಿಮಿಷ. ನಡುವೆ ಇಂಟರ್ವಲ್ ಇದೆ. ಅಲ್ಲಿ ನಿಜವಾಗಿಯೂ ನಿಲ್ಲಿಸಿ, ಎದ್ದು ಕಾಫಿ ಮಾಡಿಕೊಳ್ಳಿ.

ಖಾರ್ಟೂಮ್

ಇದನ್ನು ಬೇಗ ಮುಗಿಸುತ್ತೇನೆ. 1966ರ ಚಿತ್ರ. 1884-85ರಲ್ಲಿ ಸುಡಾನಿನಲ್ಲಿ ದಂಗೆ ಎಬ್ಬಿಸಿದ ಧಾರ್ಮಿಕ ಮುಖಂಡ ಮಹ್ದಿಯ ಸೈನ್ಯ ಖಾರ್ಟೂಮ್ ನಗರವನ್ನು ಮುತ್ತಿತು. ಒಳಗಿದ್ದ ಬ್ರಿಟಿಷ್ ಜನರಲ್ ಗಾರ್ಡನ್ 1885ರ ಜನವರಿ 26ರಂದು ಸತ್ತ. ಗಾರ್ಡನ್ ಆಗಿ ಚಾರ್ಲ್ಟನ್ ಹೆಸ್ಟನ್. ಮಹ್ದಿಯಾಗಿ ಮುಖಕ್ಕೆ ಕಂದು ಬಣ್ಣ ಮೆತ್ತಿಕೊಂಡ ಲಾರೆನ್ಸ್ ಆಲಿವಿಯರ್. ಇಬ್ಬರೂ ಎದುರುಬದುರು ಕೂತು ಮಾತಾಡುವ ದೃಶ್ಯಗಳು ಚೆನ್ನಾಗಿವೆ. ನಿಜದಲ್ಲಿ ಅವರಿಬ್ಬರೂ ಭೇಟಿಯಾಗಲೇ ಇಲ್ಲ. ಹೆಗಲು ಪೂರ್ತಿ ಬ್ರಿಟಿಷರದ್ದು. ದಂಗೆ ಎದ್ದವರು ಯಾಕೆ ಎದ್ದರು ಅನ್ನುವುದಕ್ಕೆ ಎರಡು ಮಾತು ಸಿಕ್ಕರೆ ಹೆಚ್ಚು. ನೈಲ್ ನದಿ, ಕುದುರೆ ದಂಡು ನೋಡಬೇಕು ಅನ್ನುವವರಿಗೆ ಸರಿ. ಎರಡು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ ಅನ್ನುವುದೂ ಒಂದು ಅನುಕೂಲ. ಮೊದಲ ಚಿತ್ರವಾಗಿ ಬೇಡ.

ದ ಬ್ಯಾಟಲ್ ಆಫ್ ಅಲ್ಜಿಯರ್ಸ್: ಮರಳು ಕಮ್ಮಿ, ಬಿಸಿ ಜಾಸ್ತಿ

ಇದರಲ್ಲಿ ಮರುಭೂಮಿ ಇಲ್ಲ. ಇರುವುದು ಅಲ್ಜಿಯರ್ಸ್ ನಗರದ ಕಸ್ಬಾ, ನಮ್ಮ ಹಳೇಪೇಟೆಗಳ ಗಲ್ಲಿ ಇದ್ದ ಹಾಗೆ. ಹಾಗಿದ್ದೂ ಪಟ್ಟಿಗೆ ಸೇರಿಸಲು ಕಾರಣ ಇದೆ. 'ಲಯನ್' ನೋಡಿ ಮೆಚ್ಚಿದವರು ಮುಂದೇನು ಅಂತ ಕೇಳಿದರೆ ನಾನು ಕೈಗಿಡುವುದು ಇದನ್ನೇ.

ಫ್ರೆಂಚರ ವಿರುದ್ಧ ಅಲ್ಜೀರಿಯಾದ ಹೋರಾಟದಲ್ಲಿ 1954ರಿಂದ 1957ರವರೆಗಿನ ಭಾಗ ಇದು. 1966ರಲ್ಲಿ ಇಟಲಿಯ ಗಿಲ್ಲೊ ಪೊಂಟೆಕೊರ್ವೊ ತೆಗೆದದ್ದು. ಸ್ವಾತಂತ್ರ್ಯ ಸಿಕ್ಕಿ ಆಗಿನ್ನೂ ನಾಲ್ಕು ವರ್ಷ. ನಟರಲ್ಲಿ ಹೆಚ್ಚಿನವರು ಅದೇ ಊರಿನ ಜನ. ಹೋರಾಟದ ಮುಖಂಡರಲ್ಲಿ ಒಬ್ಬರಾಗಿದ್ದು ಮರಣದಂಡನೆಯ ತೀರ್ಪು ಕೇಳಿಸಿಕೊಂಡಿದ್ದ ಸಾದಿ ಯಾಸೆಫ್ ಚಿತ್ರದ ನಿರ್ಮಾಪಕರೂ ಹೌದು, ತಮ್ಮದೇ ಬದುಕನ್ನು ಹೋಲುವ ಪಾತ್ರದಲ್ಲಿ ನಟಿಸಿದವರೂ ಹೌದು. ಕಪ್ಪುಬಿಳುಪಿನ ಈ ಚಿತ್ರ ವಾರ್ತಾಚಿತ್ರದ ಹಾಗೆ ಕಾಣುತ್ತದೆ. ನಿಜವಾದ ವಾರ್ತಾಚಿತ್ರದ ಒಂದು ತುಣುಕೂ ಇದರಲ್ಲಿ ಇಲ್ಲ.

ಮೂವರು ಹೆಂಗಸರು ಕೂದಲು ಕತ್ತರಿಸಿ, ಬಣ್ಣ ಬಳಿದು, ಫ್ರೆಂಚ್ ಹುಡುಗಿಯರ ಹಾಗೆ ಉಡುಪು ಹಾಕಿಕೊಂಡು ಬುಟ್ಟಿಯಲ್ಲಿ ಬಾಂಬು ಇಟ್ಟುಕೊಂಡು ತಪಾಸಣೆ ದಾಟುತ್ತಾರೆ. ಒಬ್ಬಳು ಕೆಫೆಯಲ್ಲಿ ಬುಟ್ಟಿ ಇಟ್ಟು ಸುತ್ತ ನೋಡುತ್ತಾಳೆ. ಅಲ್ಲಿ ಒಂದು ಮಗು ಐಸ್‌ಕ್ರೀಮ್ ತಿನ್ನುತ್ತಿದೆ. ಕ್ಯಾಮೆರಾ ಆ ಮಗುವಿನ ಮೇಲೆ ನಿಲ್ಲುತ್ತದೆ. ಹೆಗಲು ಹೋರಾಟಗಾರರದ್ದೇ, ಆದರೆ ಕಣ್ಣು ಮುಚ್ಚಿಕೊಂಡಿಲ್ಲ. 'ಲಯನ್' ಈ ಧೈರ್ಯ ಮಾಡಲ್ಲ. ಅದರಲ್ಲಿ ನಮ್ಮವರ ಗುಂಡು ಸೈನಿಕನಿಗೆ ಮಾತ್ರ ತಾಗುತ್ತದೆ.

ಫ್ರಾನ್ಸಿನಲ್ಲಿ ಇದನ್ನು ವರ್ಷಗಟ್ಟಲೆ ತೋರಿಸಲು ಬಿಡಲಿಲ್ಲ. 2003ರಲ್ಲಿ ಇರಾಕ್ ಯುದ್ಧದ ಹೊತ್ತಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್‌ನಲ್ಲಿ ಇದನ್ನು ಹಾಕಿ ನೋಡಿದರು. ಅವರು ಅದರಿಂದ ಏನು ಕಲಿತರು ಅನ್ನುವುದು ಬೇರೆ ಮಾತು.

ಎರಡೇ ಗಂಟೆಯ ಚಿತ್ರ. ಲ್ಯಾಪ್‌ಟಾಪಿನಲ್ಲೂ ಚೆನ್ನಾಗಿ ಕಾಣುತ್ತದೆ. ಆದರೆ ಚಿತ್ರಹಿಂಸೆಯ ದೃಶ್ಯಗಳಿವೆ, ಶುರುವಿನಲ್ಲೇ ಇವೆ. ಮಕ್ಕಳ ಜೊತೆ ಬೇಡ. ಮಾತು ಫ್ರೆಂಚ್ ಮತ್ತು ಅರಬ್ಬಿ, ಓದಿಕೊಂಡೇ ನೋಡಬೇಕು.

ಕ್ರಾನಿಕಲ್ ಆಫ್ ದ ಇಯರ್ಸ್ ಆಫ್ ಫೈರ್: ರೈತನ ಕಥೆ

1975ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಬಹುಮಾನ ಪಾಮ್ ದೋರ್ ಪಡೆದ ಅಲ್ಜೀರಿಯಾದ ಚಿತ್ರ. ನಿರ್ದೇಶಕ ಮೊಹಮ್ಮದ್ ಲಖ್ದರ್ ಹಮೀನಾ. ಹೆಸರು ಕೇಳಿದವರೇ ಕಮ್ಮಿ. 1939ರಿಂದ 1954ರ ನವೆಂಬರಿನಲ್ಲಿ ಬಂಡಾಯ ಶುರುವಾಗುವವರೆಗಿನ ಕಥೆ. ಅಂದರೆ ಉಳಿದ ಚಿತ್ರಗಳು ಶುರುವಾಗುವ ಜಾಗದಲ್ಲಿ ಇದು ಮುಗಿಯುತ್ತದೆ.

ಇಲ್ಲಿ ಮೊದಲ ಯುದ್ಧ ನೀರಿಗೆ. ಒಣಗಿ ಬಿರುಕು ಬಿಟ್ಟ ನೆಲ, ಸಾಯುವ ಕುರಿಗಳು, ನೀರಿಗಾಗಿ ಬಡಿದಾಡುವ ಎರಡು ಕಡೆಯ ಬಡವರು. ಫ್ರೆಂಚ್ ವಲಸಿಗರ ಹೊಲಕ್ಕೆ ಮಾತ್ರ ನೀರು ಸಾಕಷ್ಟಿದೆ. ಅಹ್ಮದ್ ಅನ್ನುವ ರೈತ ಊರು ಬಿಟ್ಟು ಪೇಟೆಗೆ ಹೋಗುತ್ತಾನೆ. ಪಾವಗಡ, ಮೊಳಕಾಲ್ಮೂರು ಕಡೆಯವರಿಗೆ ಈ ಭಾಗ ಬಿಡಿಸಿ ಹೇಳಬೇಕಿಲ್ಲ. ಗುಳೆ ಹೊರಟವನು ನಿಧಾನವಾಗಿ ಬಂಡಾಯಗಾರ ಆಗುವುದನ್ನು ಚಿತ್ರ ಅವಸರವಿಲ್ಲದೆ ತೋರಿಸುತ್ತದೆ. ಜೊತೆಗೆ ಊರಿನ ಹುಚ್ಚನೊಬ್ಬ ಗೋರಿಗಳ ನಡುವೆ ನಿಂತು ನಿಜ ಹೇಳುತ್ತಿರುತ್ತಾನೆ. ಆ ಪಾತ್ರ ನಿರ್ದೇಶಕರದ್ದೇ.

ಕಷ್ಟ ಏನಪ್ಪಾ ಅಂದರೆ ನಡೆ ನಿಧಾನ, ಉದ್ದ ಮೂರು ಗಂಟೆಯ ಹತ್ತಿರ. ಕುದುರೆ ಕಾಳಗದ ಆಸೆಯಿಂದ ಕೂತವರು ಅರ್ಧ ಗಂಟೆಗೆ ಆಕಳಿಸುತ್ತಾರೆ. ಹಳೆಯ ಪ್ರತಿಗಳ ಬಣ್ಣವೂ ಮಾಸಿದೆ. ಮತ್ತೆ ಶುಚಿ ಮಾಡಿದ ಪ್ರತಿ ಸಿಕ್ಕರೆ ಮಾತ್ರ ಹಾಕಿ.

ಹಾಗಾದರೆ ಯಾವುದು?

ಒಂದೇ ಭಾನುವಾರ, ಮನೆಮಂದಿಯೆಲ್ಲ ಇದ್ದಾರೆ ಅಂದರೆ 'ಲಯನ್ ಆಫ್ ದ ಡೆಸರ್ಟ್'. 'ಲಾರೆನ್ಸ್' ಒಳ್ಳೆಯ ಸಿನಿಮಾ, ಇದು ಸರಿಯಾದ ಜಾಗದಲ್ಲಿ ನಿಂತ ಸಿನಿಮಾ. ನನಗೆ ಆಯ್ಕೆ ಬಂದಾಗ ಎರಡನೆಯದು ಗೆಲ್ಲುತ್ತದೆ. ಕಥೆ ನೇರ, ಮಾತು ಸರಳ ಇಂಗ್ಲಿಷು, ಅಜ್ಜ ಅಜ್ಜಿಗೂ ದಾರಿ ತಪ್ಪಲ್ಲ. ಹತ್ತನೇ ತರಗತಿ ದಾಟಿದ ಮಕ್ಕಳಿಗೆ ಸರಿ. ಚಿಕ್ಕವರಿದ್ದರೆ ಶಿಬಿರ ಮತ್ತು ನೇಣಿನ ದೃಶ್ಯಗಳ ಹೊತ್ತಿಗೆ ಹೊರಗೆ ಆಡಲು ಕಳಿಸಿ.

ದೊಡ್ಡ ಟಿವಿ ಇದೆ, ಒಬ್ಬರೇ ಇದ್ದೀರಿ, ರಜೆ ಇದೆ, ಸಿನಿಮಾ ಹೇಗೆ ತೆಗೆಯುತ್ತಾರೆ ಅನ್ನುವುದರಲ್ಲಿ ಆಸಕ್ತಿ ಇದೆ ಅಂದರೆ ಕಣ್ಣು ಮುಚ್ಚಿ 'ಲಾರೆನ್ಸ್'. ದೊಡ್ಡ ಪರದೆ ಇಲ್ಲದಿದ್ದರೆ ಎಲ್ಲಾದರೂ ಚಿತ್ರೋತ್ಸವದಲ್ಲೋ ಫಿಲ್ಮ್ ಸೊಸೈಟಿಯಲ್ಲೋ ಹಾಕುವವರೆಗೆ ಕಾಯಿರಿ. ರಾತ್ರಿ ಊಟ ಆದಮೇಲೆ ಎರಡು ಗಂಟೆ ಮಾತ್ರ ಸಿಗುತ್ತದೆ ಅನ್ನುವವರಿಗೆ 'ಅಲ್ಜಿಯರ್ಸ್'. ಅದನ್ನು ನೋಡಿ ತಕ್ಷಣ ನಿದ್ದೆ ಬರುತ್ತದೆ ಅಂತ ಮಾತ್ರ ನಾನು ಭರವಸೆ ಕೊಡಲ್ಲ. ಊರು, ಬೆಳೆ, ಬರ ಇವುಗಳ ನಂಟು ಇರುವವರು, ನಿಧಾನದ ಚಿತ್ರ ನೋಡುವ ತಾಳ್ಮೆ ಇರುವವರು 'ಇಯರ್ಸ್ ಆಫ್ ಫೈರ್' ಹುಡುಕಿ. ನಾಲ್ಕು ವಾರಾಂತ್ಯ ಇದ್ದರೆ 'ಲಾರೆನ್ಸ್'ನಿಂದ ಶುರು ಮಾಡಿ, 'ಲಯನ್', 'ಇಯರ್ಸ್', 'ಅಲ್ಜಿಯರ್ಸ್' ಅಂತ ಹೋಗಿ. ಕ್ಯಾಮೆರಾ ಒಂದು ಹೆಗಲಿನಿಂದ ಇನ್ನೊಂದಕ್ಕೆ ಇಳಿದು ಬರುವುದು ಚೆನ್ನಾಗಿ ಕಾಣುತ್ತದೆ.

ದುಡ್ಡಿನ ಮಾತು. ಒಂದು ಹಳೆಯ ಚಿತ್ರಕ್ಕೋಸ್ಕರ ವರ್ಷದ ಚಂದಾ ಕಟ್ಟಬೇಡಿ. ಒಂದು ಸಲದ ಬಾಡಿಗೆ ಸಿಗುತ್ತದಾ ನೋಡಿ. ಕೊಲ್ಲಿ ದೇಶಗಳಲ್ಲಿ ಗೆಳೆಯರಿದ್ದರೆ 'ಉಮರ್ ಅಲ್-ಮುಖ್ತಾರ್' ಅಂತ ಹೇಳಿ ವಿಚಾರಿಸಿ. ಅರಬ್ಬಿಯಲ್ಲಿ ಈ ಚಿತ್ರವನ್ನು ಆ ಹೆಸರಿನಿಂದಲೇ ಕೇಳಬೇಕು.

ಇನ್ನೊಂದು ಎಚ್ಚರ. ನಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಒಮ್ಮೆ 'ಲಯನ್' ಹಾಕಿದೆವು. ಇಪ್ಪತ್ತು ಕುರ್ಚಿ, ಪ್ರೊಜೆಕ್ಟರ್, ಮಂಡಕ್ಕಿ ಖಾರ ಎಲ್ಲ ತಯಾರು. ಎಲ್ಲಿಂದಲೋ ಕಡಿಮೆ ಬೆಲೆಗೆ ಕೊಂಡ ಪ್ರತಿ ಅದು. ಎರಡು ಗಂಟೆ ಆಗುವಷ್ಟರಲ್ಲಿ ಮುಗಿದುಹೋಯಿತು. ಶಿಬಿರದ ಭಾಗವನ್ನೇ ಕತ್ತರಿಸಿದ್ದರು. ಜನ ಎದ್ದು ಹೊರಟರು. ಮಾವ ಮಾತ್ರ ಕೂತಲ್ಲೇ ಕೂತು, "ಮುಳ್ಳುತಂತಿ ಎಲ್ಲಿ ಹೋತೋ?" ಅಂತ ಕೇಳಿದರು. ದುಡ್ಡು ಕೊಡುವ ಮುನ್ನ ಅವಧಿ ನೋಡಿ. 2 ಗಂಟೆ 50 ನಿಮಿಷದ ಆಸುಪಾಸು ಇಲ್ಲದಿದ್ದರೆ ಆ ಪ್ರತಿಯನ್ನು ಮುಟ್ಟಲೇಬೇಡಿ.